ಬೆಳ್ಳಿಯ ಮೇಲಣ ಬಂಗಾರ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಇಂದಿನ ಗೋಷ್ಠಿಗೆ ನಾವು ಆರಿಸಿಕೊಂಡ ವಿಷಯವನ್ನು ಕೇಳಿದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಅನುಭಾವದ ಮಾತನ್ನು ಆಡಬೇಕಾದ ಸ್ವಾಮಿಗಳು ಗಿಲೀಟಿನ ಮಾತನ್ನು ಆಡುತ್ತಾರಲ್ಲ ಎಂದು ಅನ್ನಿಸೀತು. ಆದರೆ ಕೈಯಲ್ಲಿರುವ ವಸ್ತುವಿನಿಂದಲೇ ತತ್ತ್ವವನ್ನು ತಿಳಿಸುವುದು ನಮ್ಮ ಶರಣರು ಹಾಕಿಕೊಟ್ಟ ಪದ್ಧತಿ. ನೇಯುವವರು ಮಗ್ಗದ ಮುಂದೆ ಕುಳಿತು ಶಿವತತ್ತ್ವವನ್ನು ಕಂಡರು. ಅಂಬಿಗರು ದೋಣಿಯಲ್ಲಿ ಕಂಡರು. ಕಿನ್ನರಿ ಬ್ರಹ್ಮಯ್ಯನವರು ಅಕ್ಕಸಾಲಿಗ ವೃತ್ತಿಯಲ್ಲಿದ್ದು, ಅದನ್ನು ಬಿಟ್ಟು ಕಿನ್ನರಿ ನುಡಿಸುವ ಕಾಯಕವನ್ನು ಹಿಡಿದವರು. ಆದ್ದರಿಂದ ಬಂಗಾರ ಬೆಳ್ಳಿಗಳ ವಿಚಾರ ಅನುಭವ ಮಂಟಪಕ್ಕೆ ಹೊರಗಿನದೆಂದು ಯಾರೂ ತಿಳಿಯಬೇಕಾಗಿಲ್ಲ.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವೂ ಉಂಟು. ನಮ್ಮ ಮಠದ ಜಾತ್ರೆಯಲ್ಲಿ ವಚನದ ಕಟ್ಟನ್ನು ಇಟ್ಟು ಮೆರೆಸುವ ಪಲ್ಲಕ್ಕಿಯನ್ನು ನೀವೆಲ್ಲರೂ ಬಲ್ಲಿರಿ. ಅದಕ್ಕೆ ಹೊದಿಸಿರುವುದು ಬೆಳ್ಳಿಯ ತಗಡು. ಬರುವ ಜಾತ್ರೆಯೊಳಗೆ ಆ ಬೆಳ್ಳಿಗೆ ಬಂಗಾರದ ನೀರು ಕೊಡಿಸಬೇಕೆಂದು ಸದ್ಭಕ್ತರು ಸೇರಿ ಹಣ ಕೂಡಿಸಲು ಆರಂಭಿಸಿದ್ದಾರೆ. ಭಕ್ತಿಯಿಂದ ಮಾಡಿದ ಕೆಲಸ, ಸಂತೋಷ. ಆದರೆ ಮಠದ ವಸ್ತುವಿಗೆ ಒಂದು ಹೊಸ ಹೊಳಪು ಬರುವ ಮುಂಚೆ ಆ ಹೊಳಪಿನ ಅರ್ಥವೇನು ಎಂಬುದನ್ನು ಎಲ್ಲರೂ ಕೂಡಿ ವಿಚಾರಿಸುವುದು ಒಳ್ಳೆಯದಲ್ಲವೇ?

ಮೊದಲನೆಯ ಪ್ರಶ್ನೆ: ಬೆಳ್ಳಿಗೆ ಬಂಗಾರದ ಲೇಪ ಕೊಡುವುದು ಮೋಸವೇ? ಒಳಗೆ ಹುಳುಕು, ಮೇಲೆ ತಳುಕು ಎಂಬ ಗಾದೆಯನ್ನು ನಾವು ಗಿಲೀಟಿಗೆ ಅನ್ವಯಿಸುತ್ತೇವೆ. ಬೆಳ್ಳಿಯ ವಿಷಯದಲ್ಲಿ ಆ ಗಾದೆ ಪೂರ್ತಿ ಸಲ್ಲುವುದಿಲ್ಲ. ಮೇಲಿರುವುದು ಬಂಗಾರ, ಒಳಗಿರುವುದು ಬೆಳ್ಳಿ. ಒಳಗೆ ಹುಳುಕೆಲ್ಲಿದೆ? ಎರಡೂ ಬೆಲೆಯುಳ್ಳವೇ. ಹಾಗಾದರೆ ಮೋಸ ಎಲ್ಲಿ ಹುಟ್ಟುತ್ತದೆ? ಹೆಸರಿನಲ್ಲಿ ಹುಟ್ಟುತ್ತದೆ. ಬೆಳ್ಳಿಗೆ ಲೇಪ ಕೊಟ್ಟು, ಲೇಪ ಕೊಟ್ಟಿದೆ ಎಂದು ಹೇಳಿದರೆ ಅದು ಅಲಂಕಾರ. ಲೇಪ ಕೊಟ್ಟು ಬಂಗಾರವೇ ಎಂದು ಹೇಳಿದರೆ ಅದು ಮೋಸ.

ಇದಕ್ಕೆ ಜಗತ್ತೇ ಬಲ್ಲ ಒಂದು ನಿದರ್ಶನವಿದೆ. ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲು ಬಂದವರಿಗೆ ಬಂಗಾರದ ಪದಕ ಕೊಡುತ್ತಾರೆ. ನಮ್ಮ ದೇಶದ ನೀರಜ್ ಚೋಪ್ರಾ ಅವರು 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಈಟಿ ಎಸೆದು ಆ ಪದಕವನ್ನು ಗೆದ್ದಾಗ ಊರೂರಲ್ಲಿ ಸಿಹಿ ಹಂಚಿದರು. ಆ ಪದಕ ಗಟ್ಟಿ ಬಂಗಾರದ್ದೇ? ಅಲ್ಲ. ಗಟ್ಟಿ ಬಂಗಾರದ ಪದಕವನ್ನು ಕೊನೆಯದಾಗಿ ಕೊಟ್ಟದ್ದು 1912ರ ಸ್ಟಾಕ್‌ಹೋಮ್ ಕ್ರೀಡೆಗಳಲ್ಲಿ. ಆಮೇಲೆ ಕೊಡುತ್ತಾ ಬಂದದ್ದು ಬೆಳ್ಳಿಯ ಪದಕಕ್ಕೆ ಬಂಗಾರದ ಲೇಪ ಮಾಡಿದ್ದನ್ನು. ಬೆಳ್ಳಿ ಸಾವಿರಕ್ಕೆ 925ಕ್ಕೆ ಕಡಿಮೆಯಿಲ್ಲದಷ್ಟು ಶುದ್ಧವಾಗಿರಬೇಕು, ಮೇಲಿನ ಬಂಗಾರ 6 ಗ್ರಾಮಿಗೆ ಕಡಿಮೆಯಿರಬಾರದು ಎಂಬುದು ಅದರ ಕಟ್ಟಳೆ. 2024ರ ಪ್ಯಾರಿಸ್ ಕ್ರೀಡೆಗಳ ಚಿನ್ನದ ಪದಕ 529 ಗ್ರಾಂ ತೂಗುತ್ತಿತ್ತು. ಅದರಲ್ಲಿ ಬಂಗಾರ 6 ಗ್ರಾಂ. ಇದನ್ನು ಯಾರೂ ಮುಚ್ಚಿಡಲಿಲ್ಲ, ಎಲ್ಲರಿಗೂ ತಿಳಿಸಿಯೇ ಕೊಟ್ಟರು. ಆದ್ದರಿಂದ ಆ ಪದಕದ ಗೌರವ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಏಕೆಂದರೆ ಅದರ ಬೆಲೆ ಇರುವುದು ಗೆದ್ದವನ ದುಡಿಮೆಯಲ್ಲಿ. ಟೋಕಿಯೋದ ಪದಕಗಳ ಇನ್ನೊಂದು ವಿಶೇಷವನ್ನೂ ಕೇಳಿರಿ. 2017ರಿಂದ 2019ರವರೆಗೆ ಜಪಾನಿನ ಜನರು ತಮ್ಮ ಮನೆಯಲ್ಲಿ ಕೆಟ್ಟು ಬಿದ್ದಿದ್ದ ಮೊಬೈಲು, ಗಣಕಯಂತ್ರ ಮುಂತಾದವನ್ನು ತಂದು ಕೊಟ್ಟರು. ಅವುಗಳನ್ನು ಕರಗಿಸಿ ಸುಮಾರು 32 ಕಿಲೋ ಬಂಗಾರವನ್ನೂ 3,500 ಕಿಲೋ ಬೆಳ್ಳಿಯನ್ನೂ ತೆಗೆದು ಪದಕ ಮಾಡಿದರು. ಹಲವರ ಚೂರು ಚೂರು ಕೂಡಿ ಒಬ್ಬನ ಕೊರಳಿಗೆ ಬಂತು. ದಾಸೋಹಭಾವ ಎಂಬುದು ನಮ್ಮಲ್ಲಿ ಮಾತ್ರವೇ ಇದೆ ಎಂದು ನಾವು ತಿಳಿಯಬಾರದು.

ಇನ್ನೊಂದು ಹಳೆಯ ಮಾತು. ಇಂಗ್ಲೆಂಡಿನಲ್ಲಿ ನಾಲ್ಕನೆಯ ಹೆನ್ರಿ ಎಂಬ ಅರಸನಿದ್ದ. ಹದಿನೈದನೆಯ ಶತಮಾನದ ಆರಂಭದಲ್ಲಿ ಅವನ ಆಳ್ವಿಕೆಯಲ್ಲಿ ಒಂದು ಕಾಯಿದೆಯಾಯಿತು. ತಾಮ್ರ ಹಿತ್ತಾಳೆಗಳಿಗೆ ಬಂಗಾರ ಬೆಳ್ಳಿಯ ಲೇಪ ಕೊಟ್ಟು ಮಾರಿ ಜನರನ್ನು ಮೋಸಗೊಳಿಸುವುದು ಹೆಚ್ಚಾಗಿತ್ತು, ಅದನ್ನು ತಡೆದರು. ಪೂಜಾಮಂದಿರದ ಒಡವೆಗಳಿಗೆ ಮಾತ್ರ ಲೇಪಕ್ಕೆ ಅನುಮತಿ ಕೊಟ್ಟರು. ಆದರೆ ಆ ಒಡವೆಯ ಪಾದದಲ್ಲಾಗಲಿ ಬೇರೆ ಎಲ್ಲಾದರೂ ಆಗಲಿ ಒಂದಿಷ್ಟು ಜಾಗವನ್ನು ಲೇಪವಿಲ್ಲದೆ ಬಿಡಬೇಕು, ನೋಡಿದವರಿಗೆ ಅದು ಯಾವ ಲೋಹದ್ದೆಂದು ತಿಳಿಯಬೇಕು ಎಂದು ವಿಧಿಸಿದರು. ಎಷ್ಟು ವಿವೇಕದ ಕಟ್ಟಳೆ! ದೇವರ ಮನೆಯ ವಸ್ತುವೂ ತನ್ನ ನಿಜವನ್ನು ಒಂದು ಕಡೆಯಲ್ಲಾದರೂ ತೆರೆದಿಟ್ಟುಕೊಂಡಿರಬೇಕು. ಇಂದು ನಮ್ಮ ದೇಶದಲ್ಲಿ ಅದೇ ಕೆಲಸವನ್ನು ಹಾಲ್‌ಮಾರ್ಕ್ ಮುದ್ರೆ ಮಾಡುತ್ತದೆ. ಬಂಗಾರದ ಒಡವೆಗಳಿಗೆ 2021ರ ಜೂನ್ 16ರಿಂದ ಹಂತಹಂತವಾಗಿ ಅದನ್ನು ಕಡ್ಡಾಯ ಮಾಡಿದ್ದಾರೆ.

ಈಗ ನಮ್ಮ ಕಡೆಗೆ ತಿರುಗಿ ನೋಡಿಕೊಳ್ಳೋಣ. ಹಣೆಯ ಮೇಲೆ ವಿಭೂತಿ ಇದೆ, ಕೊರಳಲ್ಲಿ ರುದ್ರಾಕ್ಷಿ ಇದೆ, ಎದೆಯ ಮೇಲೆ ಇಷ್ಟಲಿಂಗ ಇದೆ. ನಮ್ಮ ಮೈಮೇಲೆ ಯಾವ ಜಾಗ ಲೇಪವಿಲ್ಲದೆ ಇದೆ? ಯಾವ ಕಡೆ ನೋಡಿದರೆ ನಾವು ಯಾವ ಲೋಹದವರೆಂದು ತಿಳಿದೀತು? ಪೇಟೆಯಲ್ಲಿ ತಕ್ಕಡಿ ಹಿಡಿದಾಗ ತಿಳಿಯುತ್ತದೆ. ಮನೆಯ ಆಳಿಗೆ ಕೂಲಿ ಕೊಡುವಾಗ ತಿಳಿಯುತ್ತದೆ. ಸೊಸೆಯನ್ನು ಕರೆಯುವ ದನಿಯಲ್ಲಿ ತಿಳಿಯುತ್ತದೆ. ಲೇಪ ಕೊಡದೆ ಬಿಟ್ಟ ಪಾದವೆಂದರೆ ಅದೇ. ಅಲ್ಲಿ ಬೆಳ್ಳಿ ಕಂಡರೆ ಮೇಲಿನ ವಿಭೂತಿ ಒಪ್ಪುತ್ತದೆ. ಅಲ್ಲಿ ತವರ ಕಂಡರೆ ಎಷ್ಟು ಗಟ್ಟಿಯಾಗಿ ಧರಿಸಿದರೂ ಅದು ಗಿಲೀಟೇ.

ಎರಡನೆಯ ವಿಚಾರ ನಮ್ಮ ತಾಯಂದಿರಿಗೆ ಸೇರಿದ್ದು. ಬೆಳ್ಳಿಯ ಮೇಲಣ ಬಂಗಾರ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವುದು ಬೇಡ. ನಿಮ್ಮ ಮದುವೆಯ ಸೀರೆಯ ಅಂಚಿನಲ್ಲಿಯೇ ಇದೆ. ಅಸಲು ಜರಿ ಎಂದರೇನು? ಬೆಳ್ಳಿಯನ್ನು ಕೂದಲಿಗಿಂತ ಸಣ್ಣ ತಂತಿಯಾಗಿ ಎಳೆದು, ಬಡಿದು ಚಪ್ಪಟೆ ಮಾಡಿ, ರೇಷ್ಮೆಯ ನೂಲಿಗೆ ಸುತ್ತಿ, ಬಂಗಾರದ ಲೇಪ ಕೊಟ್ಟದ್ದು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಆರಂಭಿಸಿದರು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಆ ನಿಗಮದವರು ತಮ್ಮ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಬಂಗಾರ ಇದೆ ಎಂದು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿರಿ. ನೂರು ಪಾಲು ಬೆಳ್ಳಿಗೆ ಒಂದು ಪಾಲು ಬಂಗಾರ. ನೋಡುವವರ ಕಣ್ಣಿಗೆ ಕಾಣುವುದು ಆ ಒಂದು ಪಾಲು. ಅದನ್ನು ಹೊತ್ತು ನಿಂತಿರುವುದು ನೂರು ಪಾಲು.

ವಿದ್ಯುತ್ತಿನ ಲೇಪ ಬರುವ ಮುಂಚೆ ಜರಿ ಮಾಡುತ್ತಿದ್ದ ರೀತಿ ಇನ್ನೂ ಸೊಗಸಾದುದು. ಬೆಳ್ಳಿಯ ದಪ್ಪ ಕಂಬಿಗೆ ಬಂಗಾರದ ಹಾಳೆಯನ್ನು ಸುತ್ತುತ್ತಿದ್ದರು. ಬೆಂಕಿಯಲ್ಲಿ ಕಾಯಿಸಿ ಎರಡನ್ನೂ ಬೆಸೆಯುತ್ತಿದ್ದರು. ಆಮೇಲೆ ಉಕ್ಕಿನ ಅಚ್ಚಿನ ತೂತುಗಳಲ್ಲಿ, ದೊಡ್ಡ ತೂತಿನಿಂದ ಸಣ್ಣ ತೂತಿಗೆ, ಅದಕ್ಕಿಂತ ಸಣ್ಣ ತೂತಿಗೆ, ಹೀಗೆ ಮತ್ತೆ ಮತ್ತೆ ಎಳೆಯುತ್ತಿದ್ದರು. ಕಂಬಿ ತಂತಿಯಾಗುತ್ತಿತ್ತು, ತಂತಿ ಕೂದಲೆಳೆಯಾಗುತ್ತಿತ್ತು. ಬೆಳ್ಳಿ ಎಷ್ಟು ಉದ್ದ ಹೋದರೂ ಬಂಗಾರ ಅದರ ಮೈ ಬಿಡದೆ ಕೂಡಿಯೇ ಹೋಗುತ್ತಿತ್ತು. ಶರಣರ ಸಂಗ ಎಂದರೆ ಇದು. ಇಕ್ಕಟ್ಟಿನ ತೂತು ಬಂದಾಗ ಬಿಟ್ಟು ಹೋಗುವ ಭಕ್ತಿ ಮೇಲೆ ಬಳಿದ ಬಣ್ಣ. ಎಳೆದಷ್ಟೂ ಕೂಡಿ ಎಳೆಸಿಕೊಳ್ಳುವ ಭಕ್ತಿ ಬೆಸೆದ ಬಂಗಾರ. ಕಷ್ಟ ಬಂದಾಗ ಲಿಂಗಪೂಜೆ ಬಿಟ್ಟೆನೆಂದು ಹೇಳುವವರನ್ನು ನಾವು ಕಂಡಿದ್ದೇವೆ. ಅವರಿಗೆ ಬೆಂಕಿಯಲ್ಲಿ ಬೆಸುಗೆ ಆಗಿರಲಿಲ್ಲ, ಅಷ್ಟೇ.

ಲೇಪ ಎಷ್ಟು ಚೆನ್ನಾಗಿದ್ದರೂ ಸವೆಯುತ್ತದೆ. ಎಲ್ಲಿ ಸವೆಯುತ್ತದೆ? ಕೈ ತಾಗುವ ಜಾಗದಲ್ಲಿ. ಲೋಟವಾದರೆ ಹಿಡಿಯುವಲ್ಲಿ, ಸೀರೆಯಾದರೆ ಮಡಿಕೆಯಲ್ಲಿ. ಬೀರುವಿನಲ್ಲಿಟ್ಟದ್ದು ಸವೆಯುವುದಿಲ್ಲ, ಬಳಸಿದ್ದು ಸವೆಯುತ್ತದೆ. ಆಗ ಒಳಗಿನ ಬೆಳ್ಳಿ ಕಾಣಿಸಿಕೊಳ್ಳುತ್ತದೆ. ಅದು ನಾಚಿಕೆಯ ಗುರುತಲ್ಲ, ಸೇವೆಯ ಗುರುತು.

ಮೂರನೆಯ ವಿಚಾರ, ಬಂಗಾರವನ್ನು ಎಲ್ಲಿ ಇಡಬೇಕು ಎಂಬುದು. ಬೆಳ್ಳಿಗೆ ಒಂದು ಸ್ವಭಾವವಿದೆ. ಗಂಧಕ ತಾಗಿದರೆ ಕಪ್ಪಾಗುತ್ತದೆ, ಉಪ್ಪು ತಾಗಿದರೆ ಕೊರೆತ ಬೀಳುತ್ತದೆ. ಬಂಗಾರಕ್ಕೆ ಇವೆರಡರ ಬಾಧೆಯೂ ಇಲ್ಲ. ಆದ್ದರಿಂದ ಇಂಗ್ಲೆಂಡಿನ ಅಕ್ಕಸಾಲಿಗರು ಊಟದ ಮೇಜಿನ ಮೇಲೆ ಇಡುವ ಬೆಳ್ಳಿಯ ಉಪ್ಪಿನ ಬಟ್ಟಲಿಗೆ ಒಳಗಡೆ ಬಂಗಾರದ ಲೇಪ ಕೊಡುತ್ತಿದ್ದರು. ಹೊರಗೆ ಬೆಳ್ಳಿ, ಒಳಗೆ ಬಂಗಾರ. ರೋಮನ್ ಕ್ಯಾಥೊಲಿಕ್ ಕ್ರೈಸ್ತರು ತಮ್ಮ ಪೂಜೆಯಲ್ಲಿ ಬಳಸುವ ಪಾನಪಾತ್ರೆಗೂ ಇಂತಹ ನಿಯಮವಿದೆ. ಪಾತ್ರೆಯ ಲೋಹ ತುಕ್ಕು ಹಿಡಿಯುವಂಥದ್ದಾಗಿದ್ದರೆ ಅಥವಾ ಬಂಗಾರಕ್ಕಿಂತ ಕಡಿಮೆಯದಾಗಿದ್ದರೆ ಸಾಮಾನ್ಯವಾಗಿ ಅದರ ಒಳಭಾಗಕ್ಕೆ ಬಂಗಾರದ ಲೇಪ ಇರಬೇಕೆಂದು ಹೇಳುತ್ತಾರೆ. ಅವರ ಆಚಾರ ಬೇರೆ, ನಮ್ಮ ಆಚಾರ ಬೇರೆ. ಆದರೆ ಇದರಲ್ಲಿ ನಾವು ಕಲಿಯಬೇಕಾದ ಮಾತಿದೆ. ಪವಿತ್ರವಾದದ್ದು ಎಲ್ಲಿ ತಾಗುತ್ತದೆಯೋ ಅಲ್ಲಿ ಬಂಗಾರ. ಜನರ ಕಣ್ಣು ಎಲ್ಲಿ ತಾಗುತ್ತದೆಯೋ ಅಲ್ಲಿ ಅದರ ಅವಶ್ಯಕತೆಯಿಲ್ಲ.

ನಮ್ಮಲ್ಲಿಯೂ ನೋಡಿರಿ. ಕರಡಿಗೆ ಬೆಳ್ಳಿಯದಿರಬಹುದು. ಅದನ್ನು ಬಿಚ್ಚಿದರೆ ಅಂಗೈಗೆ ಬರುವ ಲಿಂಗ ಕಪ್ಪು ಕಾಂತಿಯದು. ಥಳಥಳಿಸುವ ಕರಡಿಗೆಯನ್ನು ನೋಡುತ್ತಾ ಯಾರೂ ಪೂಜೆ ಮಾಡುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು ಕಪ್ಪು ಲಿಂಗದಲ್ಲಿ ದೃಷ್ಟಿ ನಿಲ್ಲಿಸುತ್ತೇವೆ. ಬೆಳ್ಳಿಯ ಕರಡಿಗೆ ಕೊಳ್ಳಲಾರದ ಬಡವ ಅರಿವೆಯಲ್ಲಿ ಕಟ್ಟಿಕೊಳ್ಳುತ್ತಾನೆ. ಅವನ ಲಿಂಗಕ್ಕೂ ಸಾಹುಕಾರನ ಲಿಂಗಕ್ಕೂ ಎಳ್ಳಷ್ಟು ಭೇದವಿದೆಯೇ? ಹೊರಗಿನ ಹೊದಿಕೆಯಲ್ಲಿ ಭೇದ, ಒಳಗಿನ ವಸ್ತುವಿನಲ್ಲಿ ಅಭೇದ. ಹೊದಿಕೆಯನ್ನು ಬೆಳೆಸುತ್ತಾ ಹೋದರೆ ಭೇದವೇ ಬೆಳೆಯುತ್ತದೆ.

ನಾಲ್ಕನೆಯ ವಿಚಾರವನ್ನು ಸ್ವಲ್ಪ ಮನಸ್ಸಿಟ್ಟು ಕೇಳಬೇಕು. ಈ ಹೊಳಪಿಗೆ ಬೆಲೆ ತೆತ್ತವರು ಯಾರು? ನಾವು ಕೊಟ್ಟದ್ದು ಹಣ. ಉಸಿರನ್ನು ಕೊಟ್ಟವರು ಬೇರೆ ಇದ್ದಾರೆ.

ಬಹಳ ಶತಮಾನಗಳ ಕಾಲ ಲೇಪ ಕೊಡುತ್ತಿದ್ದದ್ದು ಪಾದರಸದಿಂದ. ಬಂಗಾರವನ್ನು ಪಾದರಸದಲ್ಲಿ ಕರಗಿಸಿದರೆ ಬೆಣ್ಣೆಯಂತಹ ಮುದ್ದೆಯಾಗುತ್ತದೆ. ಅದನ್ನು ಬೆಳ್ಳಿಯ ಮೇಲೆ ಸವರಿ ಬೆಂಕಿಯ ಮೇಲೆ ಹಿಡಿಯುತ್ತಾರೆ. ಪಾದರಸ 357 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಅದು ಆವಿಯಾಗಿ ಹೋದರೆ ಬಂಗಾರ ಉಳಿದು ಬೆಳ್ಳಿಗೆ ಅಂಟುತ್ತದೆ. ಆಮೇಲೆ ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ಬರಿಸುತ್ತಾರೆ. ಆವಿ ಎಲ್ಲಿಗೆ ಹೋಯಿತು? ಒಲೆಯ ಮುಂದೆ ಕುಳಿತವನ ಮೂಗಿಗೆ ಹೋಯಿತು. ಕೈಕಾಲು ನಡುಗುವುದು, ಹಲ್ಲು ಸಡಿಲವಾಗುವುದು, ಬುದ್ಧಿ ಮಂಕಾಗುವುದು, ಇವು ಆ ಕೆಲಸಗಾರರಿಗೆ ಅಂಟಿಕೊಂಡು ಬಂದ ರೋಗಗಳು. ಅರಮನೆಯ ಪಾತ್ರೆ ಹೊಳೆಯಿತು. ಅದನ್ನು ಹೊಳೆಯಿಸಿದವನ ಕೈ ತನ್ನ ತುತ್ತನ್ನು ಬಾಯಿಗೆ ಇಡಲಾರದಷ್ಟು ನಡುಗಿತು.

ಪ್ಯಾರಿಸ್ಸಿನಲ್ಲಿ ರಾವ್ರಿಯೋ ಎಂಬ ಒಬ್ಬ ಸಿರಿವಂತನಿದ್ದ. ಕಂಚಿಗೆ ಬಂಗಾರದ ಲೇಪ ಮಾಡಿಸಿ ಮಾರುವುದೇ ಅವನ ಉದ್ಯೋಗ. ಅವನು 1814ರಲ್ಲಿ ತೀರಿಕೊಂಡ. ತೀರಿಕೊಳ್ಳುವ ಮುಂಚೆ ಮೃತ್ಯುಪತ್ರದಲ್ಲಿ 3,000 ಫ್ರಾಂಕ್ ಹಣವನ್ನು ಎತ್ತಿಟ್ಟ. ಯಾತಕ್ಕೆ? ಲೇಪದ ಕೆಲಸಗಾರರನ್ನು ಪಾದರಸದ ವಿಷದಿಂದ ಕಾಪಾಡುವ ಉಪಾಯವನ್ನು ಕಂಡುಹಿಡಿದವರಿಗೆ ಬಹುಮಾನ ಕೊಡಲು. ಡಾರ್ಸೆ ಎಂಬ ರಸಾಯನಶಾಸ್ತ್ರಜ್ಞ ಆವಿಯನ್ನು ಮೇಲಕ್ಕೆ ಸೆಳೆದುಕೊಳ್ಳುವ ಹೊಗೆಗೂಡಿನ ಒಲೆಯನ್ನು ರೂಪಿಸಿ 1818ರಲ್ಲಿ ಆ ಬಹುಮಾನವನ್ನು ಪಡೆದ. ಆ ಸಿರಿವಂತನಿಗೆ ಕಾಯಕ ದಾಸೋಹ ಎಂಬ ಶಬ್ದಗಳು ಗೊತ್ತಿರಲಿಲ್ಲ. ಆದರೆ ತನ್ನ ಸಂಪತ್ತು ಯಾರ ಉಸಿರಿನಿಂದ ಬಂತೋ ಅವರ ಉಸಿರಿಗೆ ಅದನ್ನು ತಿರುಗಿಸಬೇಕೆಂಬುದು ಗೊತ್ತಿತ್ತು. ಶಬ್ದ ಬಲ್ಲ ನಮಗೆ ಇಷ್ಟು ಗೊತ್ತಿದೆಯೇ?

ಆಮೇಲೆ ವಿದ್ಯುತ್ತಿನ ಕಾಲ ಬಂತು. 1805ರಲ್ಲಿ ಇಟಲಿಯ ಬ್ರುಗ್ನಾತೆಲ್ಲಿ ಎಂಬ ಪಂಡಿತರು ವಿದ್ಯುತ್ತಿನಿಂದ ಬೆಳ್ಳಿಯ ಪದಕಗಳಿಗೆ ಬಂಗಾರದ ಲೇಪ ಕೊಟ್ಟು ತೋರಿಸಿದರು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ಅದನ್ನು ಉದ್ಯಮವಾಗಿ ಬೆಳೆಸುವ ಹಕ್ಕುಪತ್ರ ಪಡೆದರು. ಪಾದರಸದ ಹೊಗೆ ತಪ್ಪಿತು. ಆದರೆ ಅದರ ಜಾಗಕ್ಕೆ ಸಯನೈಡಿನ ದ್ರಾವಣ ಬಂತು. ಅದೂ ವಿಷವೇ. ಎಚ್ಚರದಿಂದ ನಡೆಸುವ ಕಾರ್ಖಾನೆಯಲ್ಲಿ ಅಪಾಯ ಕಡಿಮೆ. ಗಾಳಿ ಬೆಳಕು ಇಲ್ಲದ ಸಂದಿಯ ಕೋಣೆಯಲ್ಲಿ, ಕೈಗವಸು ಇಲ್ಲದ ಹುಡುಗನಿಂದ ಅಗ್ಗಕ್ಕೆ ಮಾಡಿಸಿದರೆ ಅಪಾಯ ಹೆಚ್ಚು. ಪಾದರಸದ ಬಳಕೆಯನ್ನು ಕಡಿಮೆ ಮಾಡಬೇಕೆಂದು ದೇಶಗಳೆಲ್ಲ ಕೂಡಿ 2013ರಲ್ಲಿ ಜಪಾನಿನಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಪಾದರಸದ ವಿಷದಿಂದ ನೊಂದ ಮಿನಮಾಟ ಎಂಬ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. 2018ರಲ್ಲಿ ನಮ್ಮ ದೇಶವೂ ಅದನ್ನು ಅಂಗೀಕರಿಸಿತು.

ಲೇಪ ಕೊಡುವವರ ಕಾಯಕ ಕೀಳು ಎಂದು ನಾವು ಹೇಳುತ್ತಿಲ್ಲ. ಆ ಕೈಗಳಲ್ಲಿರುವುದು ದೊಡ್ಡ ವಿದ್ಯೆ. ನಾವು ಹೇಳುವುದು ಕೊಳ್ಳುವವರಿಗೆ. ಎಷ್ಟು ಅಗ್ಗ ಎಂದು ಕೇಳುವ ಮುಂಚೆ ಮಾಡಿದವನ ಆರೋಗ್ಯ ಹೇಗಿದೆ ಎಂದು ಕೇಳಿರಿ. ದೇವರ ಹೆಸರಿನಲ್ಲಿ ಕೊಳ್ಳುವ ವಸ್ತುವಿಗಂತೂ ಈ ಪ್ರಶ್ನೆ ತಪ್ಪಬಾರದು.

ಇನ್ನು ಪಲ್ಲಕ್ಕಿಯ ಮಾತಿಗೆ ಬರೋಣ. ಕೂಡಿಸಿದ ಕಾಣಿಕೆಯಲ್ಲಿ ಒಂದು ಬೆಳ್ಳಿಯ ಗುಂಡು ನಮ್ಮ ಮುಂದೆ ಬಂತು. ಗೋಲಿಯಷ್ಟು ಗಾತ್ರ, ಮೇಲೆ ಮಸಿಯ ಕಲೆ. ಏನೆಂದು ಕೇಳಿದೆವು. ವಯಸ್ಸಾದ ಒಬ್ಬ ತಾಯಿ ಕಳಿಸಿದ್ದು ಎಂದರು. ಮದುವೆಯ ಸೀರೆ ಹರಿದು ಉಡಲು ಬಾರದಂತಾದಾಗ ಅದರ ಅಂಚು ಸೆರಗುಗಳನ್ನು ಸುಟ್ಟು, ಜರಿಯಿಂದ ಇಳಿದ ಬೆಳ್ಳಿಯನ್ನು ಕರಗಿಸಿ, ಮಾರಿಕೊಳ್ಳದೆ ಮಠಕ್ಕೆ ಕೊಟ್ಟಿದ್ದಾರೆ. ಹಳೆಯ ಜರಿ ಕೊಳ್ಳುವವರು ಬೀದಿಯಲ್ಲಿ ಕೂಗುತ್ತಾ ಬರುವುದು, ಸುಟ್ಟು ಬೆಳ್ಳಿ ತೆಗೆಯುವುದು ನಿಮಗೆಲ್ಲ ಗೊತ್ತಿದ್ದದ್ದೇ. ರೇಷ್ಮೆ ಬೂದಿಯಾಯಿತು. ಹೊಳೆಯುತ್ತಿದ್ದ ಬಂಗಾರ ಬೆಳ್ಳಿಯಲ್ಲಿ ಕರಗಿ ಕಾಣದಾಯಿತು. ಬೆಂಕಿಗೆ ಕೊಟ್ಟ ಮೇಲೆ ಕೈಗೆ ಬಂದದ್ದು ಬೆಳ್ಳಿ. ಆ ತಾಯಿಯ ಬೆಳ್ಳಿಯನ್ನು ಮಾರಿ, ಆ ಹಣದಿಂದ ಪಲ್ಲಕ್ಕಿಗೆ ಬಂಗಾರದ ನೀರು ಹಾಕಿಸುವುದಕ್ಕೆ ನಮಗೆ ಮನಸ್ಸು ಒಪ್ಪುತ್ತಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೀವು ಬಲ್ಲಿರಿ. ಗಂಡ ಮಾರಯ್ಯನವರು ಒಂದು ದಿನ ದಿನದ ಅಕ್ಕಿಗಿಂತ ಹೆಚ್ಚು ತಂದಾಗ ಆ ತಾಯಿ ಅದನ್ನು ಹೊರಗೇ ನಿಲ್ಲಿಸಿದರು. ಹೆಚ್ಚಾದದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬರಬೇಕೆಂದು ಕಳಿಸಿದರು. ಮನೆಯಲ್ಲಿ ಬಡತನವಿದ್ದಾಗಲೇ ಆ ತಾಯಿ ಹೆಚ್ಚಿನದನ್ನು ಬೇಡವೆಂದರು. ನಮ್ಮ ಪಲ್ಲಕ್ಕಿಗೆ ಬೆಳ್ಳಿಯಿದೆ. ಅದರೊಳಗೆ ವಚನವಿದೆ. ಇದಕ್ಕೆ ಕಡಿಮೆಯಾದದ್ದು ಏನು? ಒಳಗೆ ಇರುವುದೇ ಬಂಗಾರವಾಗಿರುವಾಗ ಹೊರಗೆ ಹಾಕಿಸುವುದು ದಿನದ ಅಕ್ಕಿಗಿಂತ ಹೆಚ್ಚಲ್ಲವೇ?

ಆದ್ದರಿಂದ ನಾವು ನಿಶ್ಚಯಿಸಿದ್ದು ಹೀಗೆ. ಪಲ್ಲಕ್ಕಿ ಬೆಳ್ಳಿಯದಾಗಿಯೇ ಇರಲಿ. ಜಾತ್ರೆಯ ಮುಂಚೆ ನಾವೆಲ್ಲ ಕೂಡಿ ಹುಣಸೆಹಣ್ಣು ವಿಭೂತಿ ಹಚ್ಚಿ ತಿಕ್ಕೋಣ. ಕಪ್ಪಾದ ಬೆಳ್ಳಿಯನ್ನು ವರ್ಷಕ್ಕೊಮ್ಮೆ ತಿಕ್ಕುವುದೂ ಒಂದು ಸೇವೆಯೇ. ಕೂಡಿಸಿದ ಹಣದ ಲೆಕ್ಕ ಪುಸ್ತಕದಲ್ಲಿದೆ. ಕೊಟ್ಟವರು ಬಂಗಾರದ ಲೇಪಕ್ಕೆಂದು ಕೊಟ್ಟಿದ್ದಾರೆ. ಅವರನ್ನು ಕೇಳದೆ ಬೇರೆಯದಕ್ಕೆ ಬಳಸಿದರೆ ಅದೂ ಒಂದು ಗಿಲೀಟೇ ಆಗುತ್ತದೆ. ಆದ್ದರಿಂದ ಒಬ್ಬೊಬ್ಬರನ್ನೂ ಕೇಳಬೇಕು. ಹಿಂದಕ್ಕೆ ಬೇಕೆಂದವರಿಗೆ ಸಂತೋಷದಿಂದ ಹಿಂದಕ್ಕೆ ಕೊಡಬೇಕು. ಮಠದಲ್ಲಿಯೇ ಇರಲಿ ಎಂದವರ ಹಣ ಪ್ರಸಾದ ನಿಲಯದ ಅಡುಗೆಮನೆಗೆ ಹೋಗಲಿ. ಅಲ್ಲಿ ಹೊಗೆಗೂಡು ಸರಿಯಿಲ್ಲದೆ ಅಡುಗೆ ಮಾಡುವ ತಾಯಂದಿರು ಕೆಮ್ಮುತ್ತಾ ಕಣ್ಣು ಒರೆಸಿಕೊಳ್ಳುತ್ತಾರೆ. ಅವರ ಉಸಿರು ನಮ್ಮ ದಾಸೋಹಕ್ಕೆ ತೆರುತ್ತಿರುವ ಬೆಲೆ. ಮೊದಲು ಆ ಹೊಗೆಗೂಡು ಆಗಲಿ.

ಆ ತಾಯಿ ಕೊಟ್ಟ ಬೆಳ್ಳಿಯ ಗುಂಡು? ಪಾದೋದಕದ ಬಟ್ಟಲಿನ ಕಂಠ ಬಹಳ ವರ್ಷಗಳಿಂದ ಕೈಯಿಂದ ಕೈಗೆ ಹೋಗಿ ಸವೆದಿದೆ, ಒಂದು ಕಡೆ ಸೀಳಿದೆ. ಪತ್ತಾರರಿಗೆ ಕೊಟ್ಟು ಅದನ್ನು ಕೂಡಿಸಿ ಸರಿಮಾಡಿಸೋಣ. ಅದಕ್ಕೆ ಯಾವ ಲೇಪವೂ ಬೇಡ. ಇನ್ನು ಮುಂದೆ ನೀವು ಪಾದೋದಕ ತೆಗೆದುಕೊಳ್ಳುವಾಗ ನಿಮ್ಮ ಕೈಗೆ ತಾಗುವುದು ಒಬ್ಬ ಶರಣೆಯ ಮದುವೆಯ ಸೀರೆ ಎಂದು ತಿಳಿಯಿರಿ.

ಶರಣ ಬಂಧುಗಳೇ, ಮನೆಗಳಲ್ಲಿ ಗಿಲೀಟಿನ ವಸ್ತುಗಳಿದ್ದರೆ ಅವುಗಳನ್ನು ಎಸೆಯಬೇಕೆಂದು ನಾವು ಹೇಳಿದಂತಲ್ಲ. ಉಡಿರಿ, ತೊಡಿರಿ, ಮಕ್ಕಳ ಮದುವೆ ಮಾಡಿರಿ. ಆದರೆ ಮೂರು ಮಾತುಗಳನ್ನು ಮರೆಯದಿರಿ. ಲೇಪವಿದ್ದರೆ ಲೇಪವೆಂದು ಹೇಳಿರಿ. ಬಂಗಾರವನ್ನು ಜನರು ನೋಡುವ ಕಡೆ ಬೆಳೆಸದೆ ಶಿವನು ತಾಗುವ ಕಡೆ ಬೆಳೆಸಿರಿ. ನಿಮ್ಮ ಹೊಳಪಿಗಾಗಿ ಇನ್ನೊಬ್ಬರ ಉಸಿರು ಕುಂದದಂತೆ ನೋಡಿಕೊಳ್ಳಿರಿ. ಇಷ್ಟು ನಡೆಯಲ್ಲಿ ಬಂದರೆ ನಮ್ಮ ವಿಭೂತಿ ರುದ್ರಾಕ್ಷಿಗಳು ಎಲ್ಲಿ ಸವೆದರೂ ಒಳಗೆ ಬೆಳ್ಳಿಯೇ ಕಾಣುತ್ತದೆ. ಬಸವಾದಿ ಶರಣರು ಅಂತಹ ಬದುಕನ್ನು ನಿಮಗೂ ನಮಗೂ ಕರುಣಿಸಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹೇಳುತ್ತೇವೆ.